ಜೋಗದಲ್ಲಿ ಒನ್ಸ್ ಮೋರ್

ರಸಿಕ ಮಹಾಜನರೇ, ಗದ್ದಲ ನಿಲ್ಲಿಸಿ! ಸಭೆಯೆಂದರೆ ನೀನೊಬ್ಬಳೇ, ಗಿರಿಜಾ. ನಿನ್ನನ್ನು ಮಣ್ಣು ಮಾಡಿ ವರ್ಷವಾದರೂ ನನ್ನ ನಾಟಕದ ಗಂಟಲು ಇಳಿದಿಲ್ಲ.

ಇವತ್ತು ಗೆಳೆಯ ಚನ್ನಯ್ಯನ ಜೊತೆ ಶಿರಸಿಯಿಂದ ಬಸ್ಸಿನಲ್ಲಿ ಜೋಗಕ್ಕೆ ಹೋಗಿದ್ದೆ. ಜಲಪಾತದೆದುರು ಕೂತು ಅವನ ಟ್ರಾನ್ಸಿಸ್ಟರ್ ಹಚ್ಚಿದೆವು. ರಂಗಗೀತೆಯೊಂದು ಬಂತು. ಮುಗಿದದ್ದೇ ತಡ, ನಾನೆದ್ದು ಚಪ್ಪಾಳೆ ತಟ್ಟಿ, "ಒನ್ಸ್ ಮೋರ್!" ಎಂದು ಗರ್ಜಿಸಿದೆ.

"ಲೇ, ಇದು ರೇಡಿಯೋ! ಕೇಳಿದಾಗೊಮ್ಮೆ ಹಾಡಾಕ ನಿಮ್ಮ ನಾಟಕ ಕಂಪನಿ ಅಲ್ಲೋ!" ಎಂದ ಚನ್ನಯ್ಯ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ನಗುತ್ತಲೇ ನಿನಗೆ ಹೇಳಲು ಪಕ್ಕಕ್ಕೆ ತಿರುಗಿದೆ.

"ಒಮ್ಮೆ ಜೋಗ ತೋರಸ್ರಿ" ಎನ್ನುತ್ತಿದ್ದೆ ನೀನು. "ಈ ಊರಿನ ನಾಟಕದ ಕ್ಯಾಂಪ್ ಮುಗೀಲಿ, ತಡಿ" ಎನ್ನುತ್ತಿದ್ದೆ ನಾನು. ಬೆಳಿಗ್ಗೆ ಹತ್ತಿದರೆ ಬಸ್ಸು ಊಟದ ಹೊತ್ತಿಗೆಲ್ಲ ಮುಟ್ಟಿಸುತ್ತದೆ, ಗಿರಿಜಾ.

ನಮ್ಮ ಸೊಸೆ ಪಾರ್ವತವ್ವನೂ ಜೋಗ ನೋಡಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಒಲೆ ಮುಂದಿನಿಂದ ಎಬ್ಬಿಸಿ, ಮೊದಲ ಬಸ್ಸಿಗೆ ನಾನೇ ಕರೆದೊಯ್ಯುತ್ತೇನೆ.