ಇಳಿಜಾರು ದಾರಿಯ ಬೀಗ ಮತ್ತು ನಮ್ಮವ್ವನ ಹರಕೆ

ಮಾನ್ಯ ಕಾರ್ಯನಿರ್ವಹಣಾಧಿಕಾರಿಗಳೇ,

ನಿಮ್ಮ ದೇವಸ್ಥಾನದ ಪಶ್ಚಿಮ ಬಾಗಿಲ ಬಳಿ ಗಾಲಿಕುರ್ಚಿಯವರಿಗೆಂದು ಕಟ್ಟಿಸಿದ ಇಳಿಜಾರು ದಾರಿಗೆ ಕಳೆದ ಭಾದ್ರಪದದ ಒಂದು ಬುಧವಾರ ಬೀಗ ಹಾಕಿತ್ತು. ಆ ಬೀಗದ ಮುಂದೆ ಏಳೂವರೆ ತಾಸು ಕಾದು ನನ್ನ ತಾಯಿ ಗುರುಬಸವ್ವ ನಲವತ್ತೆರಡು ವರ್ಷದ ಹರಕೆ ತೀರಿಸದೆ ಮರಳಿದಳು. ಈಗ ಆಕೆ ಇಲ್ಲ. ನನ್ನ ದೂರು ಇಷ್ಟೇ. ಕ್ಷೇತ್ರದ ಹೆಸರನ್ನು ನಾನು ಬರೆಯುವುದಿಲ್ಲ. ತಪ್ಪು ದೇವರದ್ದಲ್ಲವಲ್ಲ, ಆತನ ಹೆಸರು ಯಾಕೆ ಕೆಡಬೇಕು? ಬೀಗ ಹಾಕಿದವರಿಗೆ ಯಾವ ಊರೆಂದು ಗೊತ್ತಿದೆ.

ನಾನು ಬೈಲಹೊಂಗಲದಲ್ಲಿ ಸರಕಾರಿ ಕಚೇರಿಯೊಂದರ ಎದುರು ಕುಳಿತು ಅರ್ಜಿ ಬರೆಯುವವಳು. ಹೊಲದ ಉತಾರದಲ್ಲಿ ಹೆಸರು ತಪ್ಪಾದವರು, ವಿಧವಾ ವೇತನ ನಿಂತುಹೋದವರು, ರೇಶನ್ ಕಾರ್ಡಿನಲ್ಲಿ ಬದುಕಿದ್ದೂ ಸತ್ತವರು ನನ್ನ ಬಳಿ ಬರುತ್ತಾರೆ. ‘ತಮ್ಮಲ್ಲಿ ಸವಿನಯ ವಿನಂತಿ’ ಎಂದು ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ವಿನಯ ನನ್ನ ಕಸುಬು. ಈ ಪತ್ರದಲ್ಲಿ ಅದು ಅಲ್ಲಲ್ಲಿ ಕಡಿಮೆ ಬಿದ್ದರೆ ಮನ್ನಿಸಬೇಕು. ನಿಮ್ಮ ಬಾಗಿಲಲ್ಲಿ ಬರೆದುಕೊಟ್ಟ ಒಂದು ಹಾಳೆಯನ್ನು ಬಿಟ್ಟರೆ, ನನ್ನ ಸ್ವಂತಕ್ಕೆ ನಾನು ಬರೆಯುತ್ತಿರುವ ಮೊದಲ ಅರ್ಜಿ ಇದು.

ನನಗೆ ಎರಡೂವರೆ ವರ್ಷವಾಗಿದ್ದಾಗ ಜ್ವರ ಬಂತು. ಆಗ ನಾವು ಸಿರಸಂಗಿಯಲ್ಲಿದ್ದೆವು. ನಾಲ್ಕನೆಯ ದಿನ ನಾನು ಕಣ್ಣು ಬಿಡದೆ ಹೋದಾಗ ಅವ್ವ ನಿಮ್ಮ ಕ್ಷೇತ್ರದ ದಿಕ್ಕಿಗೆ ಸೆರಗೊಡ್ಡಿ, ಈ ಕೂಸು ಉಳಿದರೆ ತಂದು ನಿನ್ನ ಎದುರು ಕೂಡ್ರಿಸುತ್ತೇನೆ ಎಂದು ಬೇಡಿಕೊಂಡಳಂತೆ. ಜ್ವರ ಇಳಿಯಿತು. ನಾನು ಉಳಿದೆ, ಕಾಲು ಉಳಿಯಲಿಲ್ಲ. ದೇವರು ಅರ್ಧ ಕೊಟ್ಟನೆಂದು ಅವ್ವ ಯಾವತ್ತೂ ಚೌಕಾಶಿ ಮಾಡಲಿಲ್ಲ. ಕೊಟ್ಟ ಮಾತು ಪೂರ್ತಿ ನಡೆಸಬೇಕೆಂದೇ ಇದ್ದಳು.

ಹಾಗಾದರೆ ಇಷ್ಟು ವರ್ಷ ಯಾಕೆ ತಡ ಎಂದು ನೀವು ಕೇಳಬಹುದು. ನಿಮ್ಮ ದೇವಸ್ಥಾನಕ್ಕೆ ತೊಂಬತ್ತಾರು ಮೆಟ್ಟಿಲುಗಳಿವೆ. ಸಣ್ಣವಳಿದ್ದಾಗ ನನ್ನನ್ನು ಹೊತ್ತುಕೊಂಡು ಹೋಗುವಷ್ಟು ಪುರಸತ್ತು ಮನೆಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡವಳಾದ ಮೇಲೆ ಹೊರಿಸಿಕೊಳ್ಳಲು ನಾನು ಒಪ್ಪಲಿಲ್ಲ. ಗೊತ್ತಿಲ್ಲದ ಗಂಡಸರು ತೋಳು ಕಾಲು ಹಿಡಿದು ಎತ್ತುವಾಗ ಸೀರೆ ಎಲ್ಲಿ ಸರಿಯುತ್ತದೆ, ಸುತ್ತ ನಿಂತವರ ಕಣ್ಣು ಎಲ್ಲಿ ಹೋಗುತ್ತದೆ ಎಂಬುದು ನನಗೆ ಶಾಲೆಯ ದಿನಗಳಿಂದಲೇ ಗೊತ್ತು. ಅವ್ವನಿಗೂ ಗೊತ್ತಿತ್ತು. ಅದಕ್ಕೇ ಆಕೆ ಒತ್ತಾಯ ಮಾಡಲಿಲ್ಲ, ಕಾದಳು.

ಹೋದ ವರ್ಷ ಆಷಾಢದಲ್ಲಿ ನಿಮ್ಮ ಜಾಲತಾಣದಲ್ಲಿ ಆ ಇಳಿಜಾರಿನ ಫೋಟೋ ನೋಡಿದೆ. ‘ವಿಶೇಷ ಚೇತನರಿಗೆ ಸುಗಮ ದರ್ಶನ, ಪ್ರತಿದಿನ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ’ ಎಂದು ಕೆಳಗೆ ಬರೆದಿತ್ತು. ಅವ್ವನಿಗೆ ತೋರಿಸಿದೆ. ಆಕೆ ಮೊಬೈಲನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ಕೇಳಿದಳು: “ಶೈಲಾ, ಈ ದಾರಿ ಗರ್ಭಗುಡಿ ಮಟ ಹೊಕ್ಕೈತೇನ, ನಡಬರಕ ಮುಗೀತೈತೇನ?”

ಅಂದಿನಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಎರಡು ದಿನದ ಯಾತ್ರೆಗೆ ಎರಡು ತಿಂಗಳ ತಯಾರಿ! ಶ್ರಾವಣ ಬೇಡ, ಗದ್ದಲ. ಸೋಮವಾರವೂ ಬೇಡ, ಅಮಾವಾಸ್ಯೆಯೂ ಬೇಡ. ಬುಧವಾರವೆಂದು ಆಕೆಯೇ ಗೊತ್ತುಮಾಡಿದಳು. ನನ್ನ ಕುರ್ಚಿಯ ಅಗಲವನ್ನು ಗೇಣು ಹಾಕಿ ಅಳೆದು, ನಿಮ್ಮ ಸಹಾಯವಾಣಿಗೆ ನನ್ನಿಂದ ಫೋನ್ ಮಾಡಿಸಿ ಬಾಗಿಲ ಅಗಲ ಕೇಳಿಸಿದಳು. ‘ಮೂರೂವರೆ ಫೂಟು ಐತ್ರಿ, ಆರಾಮ ಬರ್ರಿ’ ಎಂದರು ನಿಮ್ಮ ಸಿಬ್ಬಂದಿ. ಯಾತ್ರಿ ನಿವಾಸದಲ್ಲಿ ನೆಲಮಹಡಿಯ ಕೋಣೆ, ಅದರ ಪಾಯಖಾನೆಗೆ ಹೊಸ್ತಿಲು ಇದೆಯೋ ಇಲ್ಲವೋ, ದಾರಿಯಲ್ಲಿ ಎಲ್ಲಿ ಇಳಿದರೆ ನನಗೆ ಅನುಕೂಲ, ಎಲ್ಲವನ್ನೂ ವಿಚಾರಿಸಿದಳು. ನಮ್ಮ ಓಣಿಯ ಸತ್ಯಪ್ಪನ ಕಾರು ಗೊತ್ತಾಯಿತು. ಒಂದು ದಿನ ಆಕೆ ಸತ್ಯಪ್ಪನನ್ನು ಕರೆದು, ಪೇಟೆಯ ಬ್ಯಾಂಕಿನ ಮುಂದಿನ ಇಳಿಜಾರಿನಲ್ಲಿ ನನ್ನನ್ನು ಮೂರು ಸಲ ಹತ್ತಿಸಿ ಇಳಿಸಿ ರೂಢಿ ಮಾಡಿಸಿದಳು. ಬ್ಯಾಂಕಿಗೆ ಬಂದವರೆಲ್ಲ ನಿಂತು ನೋಡಿದರು. ನನಗೆ ನಾಚಿಕೆಯಾಯಿತು. ಅವ್ವನಿಗಾಗಲಿಲ್ಲ. ಜಿಲ್ಲಾಡಳಿತಗಳು ಇಷ್ಟು ಮುಂದಾಲೋಚನೆಯಿಂದ ಕೆಲಸ ಮಾಡಿದ್ದರೆ ನನ್ನ ಕಸುಬು ಎಂದೋ ಮುಚ್ಚುತ್ತಿತ್ತು.

ಬುಧವಾರ ನಸುಕಿಗೇ ಹೊರಟೆವು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಂಡಿದ್ದೆವು. ಸಾಲಹಳ್ಳಿ ದಾಟುವಾಗ ಹೊತ್ತು ಹುಟ್ಟಿತು. ಅವ್ವ ಕಿಟಕಿಯಿಂದ ಕೈಮುಗಿದು, “ಇವತ್ತ ನಾ ಹಗರ ಆಗತೇನಿ ನೋಡ” ಎಂದಳು. ಅಷ್ಟು ಸಡಗರ ಆಕೆಯ ಮುಖದಲ್ಲಿ ನಾನು ನನ್ನ ತಮ್ಮನ ಮದುವೆಯಲ್ಲೂ ಕಂಡಿರಲಿಲ್ಲ.

ಒಂಬತ್ತು ಗಂಟೆಗೆ ಪಶ್ಚಿಮ ಬಾಗಿಲಿಗೆ ಬಂದೆವು. ಕಬ್ಬಿಣದ ಗೇಟಿಗೆ ಬೀಗ. ಒಳಗೆ, ಇಳಿಜಾರಿನ ಉದ್ದಕ್ಕೂ, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಹಿಂದಿನ ದಿನ ಯಾರೋ ಗಣ್ಯರಿಗೆ ಸತ್ಕಾರವಿತ್ತಂತೆ. ಅಧಿಕಾರಿಗಳೇ, ಆ ದಾರಿಯಲ್ಲಿ ನಾಲ್ಕುನೂರು ಕುರ್ಚಿಗಳಿಗೆ ಸ್ಥಳವಿತ್ತು, ಒಂದು ಕುರ್ಚಿಗೆ ಮಾತ್ರ ಇರಲಿಲ್ಲ.

“ಚಾವಿ ಸ್ಟೋರ್ ಸಾಹೇಬ್ರ ಹತ್ರ ಐತ್ರಿ. ಅವರು ರಜಾ ಹಾಕ್ಯಾರ” ಎಂದ ಕಾವಲುಗಾರ. ಅವ್ವ, “ಫೋನ್ ಮಾಡಿ ಕೇಳ್ರಿ ತಮ್ಮಾ” ಎಂದಳು. ಆತ ಮಾಡಿದ. ಯಾರೂ ಎತ್ತಲಿಲ್ಲ. ಸತ್ಯಪ್ಪ ಕಚೇರಿಗೆ ಹೋದ. ಲಿಖಿತ ಅರ್ಜಿ ಬೇಕೆಂದರಂತೆ. ಅದೊಂದು ನನಗೆ ಬರುತ್ತದೆ. ಅಲ್ಲೇ ತೊಡೆಯ ಮೇಲೆ ಕಾಗದವಿಟ್ಟು ಬರೆದುಕೊಟ್ಟೆ. ಸ್ವೀಕೃತಿಯ ಮುದ್ರೆ ಬಿತ್ತು, ಬೀಗ ತೆಗೆಯಲಿಲ್ಲ. ಮಧ್ಯಾಹ್ನ ಕಾವಲುಗಾರನಿಗೇ ಕನಿಕರವಾಗಿ, “ಅವ್ವಾರ, ಇಬ್ಬರು ಹುಡುಗುರನ್ನ ಕರೀತೇನಿ. ಎತ್ಕೊಂಡು ಹೋಗಿ ದರ್ಶನ ಮಾಡಿಸ್ತಾರ” ಎಂದ. ಅವ್ವ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಆಕೆ ಮತ್ತೊಂದು ಮಾತು ಕೇಳಲಿಲ್ಲ. “ನನ್ನ ಮಗಳು ಚೀಲ ಅಲ್ಲರಿ ಹೊರಾಕ. ಚಾವಿ ಬರಲಿ, ಕಾಯತೇವಿ” ಎಂದುಬಿಟ್ಟಳು.

ನಾಲ್ಕರ ಸುಮಾರಿಗೆ ನೀವೇ ಬಂದಿರಿ. ನಿಮಗೆ ನೆನಪಿರಲಿಕ್ಕಿಲ್ಲ. ಗುಂಪಿನೊಂದಿಗೆ ಹೊರಟವರು ನಮ್ಮ ಬಳಿ ಒಂದು ಗಳಿಗೆ ನಿಂತಿರಿ. ವಿಷಯ ಕೇಳಿ, “ಇಷ್ಟು ತೊಂದರೆ ಯಾಕೆ ತಗೊಂಡ್ರಿ? ನಮ್ಮಲ್ಲಿ ಆನ್‌ಲೈನ್ ದರ್ಶನ ಇದೆ. ಮನೆಯಲ್ಲೇ ಕೂತು ದೇವರನ್ನು ನೋಡಬಹುದು” ಎಂದಿರಿ.

ಅವ್ವ ಕೈಜೋಡಿಸಿದಳು. “ಸಾಹೇಬ್ರ, ನಾ ದೇವರನ್ನ ನೋಡಾಕ ಬಂದಿಲ್ಲರಿ. ದೇವರಿಗೆ ಇಕಿನ್ನ ತೋರಸಾಕ ಬಂದೇನಿ.”

ನೀವು ವ್ಯವಸ್ಥೆ ಮಾಡಿಸೋಣ ಎಂದು ಯಾರಿಗೋ ಹೇಳಿ ಕಾರು ಹತ್ತಿದಿರಿ. ಯಾರಿಗೆ ಹೇಳಿದಿರೋ ಅವರೂ ಹೋದರು.

“ಅವ್ವಾ, ನೀನರ ಹೋಗಿ ಬಾ. ನಾ ಇಲ್ಲೇ ಕುಂದರತೇನಿ” ಎಂದು ಬೇಡಿಕೊಂಡೆ. “ನಿನ್ನ ಬಿಟ್ಟು ಹೋಗಿ ಆತಗ ಏನಂತ ಹೇಳಲಿ?” ಎಂದಳು. ನಾಲ್ಕೂವರೆಗೆ ಆಕೆಯೇ ನನ್ನ ಕುರ್ಚಿ ತಿರುಗಿಸಿದಳು. ಯಾತ್ರಿ ನಿವಾಸದ ಕೋಣೆಯಲ್ಲಿ ಉಳಿಯುವುದು ಬೇಡವೆಂದಳು. ಕಾರಿನಲ್ಲಿ ನನ್ನ ಕೈ ಹಿಡಿದು, “ತಪ್ಪು ನಂದ. ಚಾವಿದೊಂದು ಕೇಳೂದು ಮರತೆ” ಎಂದಳು. ಎಪ್ಪತ್ತೊಂದು ವರ್ಷದ ಮುದುಕಿ ನಿಮ್ಮ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಂಡಳು. ಅಷ್ಟು ಹೊತ್ತು ಅಳದೆ ಇದ್ದ ನಾನು ಆಗ ಅತ್ತೆ.

ಮರುದಿನ ಬೆಳಿಗ್ಗೆಯೇ ಆಕೆ ಮತ್ತೆ ಯಾತ್ರೆಯ ಲೆಕ್ಕ ಹಾಕತೊಡಗಿದಳು. ಕಾರ್ತಿಕಕ್ಕೆ ಹೋಗೋಣ, ಸ್ಟೋರ್ ಸಾಹೇಬರು ಯಾವ ದಿನ ಇರುತ್ತಾರೆ ಕೇಳು, ಅವರಿಗೊಂದು ಡಬ್ಬಿ ಕರದಂಟು ಒಯ್ಯೋಣ ಎಂದಳು. ನಾನು ಸಹಾಯವಾಣಿಗೆ ಐದು ಸಲ ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಹತ್ತೊಂಬತ್ತನೆಯ ದಿನ ಮುಂಜಾನೆ ಅವ್ವ ಜಳಕ ಮಾಡಿ ಬಂದವಳು ಅಡಿಗೆಮನೆಯ ಗೋಡೆಗೆ ಒರಗಿ ಕುಳಿತಳು. ಏಳಲಿಲ್ಲ. ಹೃದಯಾಘಾತ ಎಂದರು ವೈದ್ಯರು.

ನಿಮ್ಮ ಬೀಗದಿಂದ ಆಕೆ ಸತ್ತಳೆಂದು ನಾನು ಹೇಳುವುದಿಲ್ಲ. ಯಾವುದನ್ನು ರುಜುವಾತು ಮಾಡಬಹುದು, ಯಾವುದನ್ನು ಮಾಡಲಾಗದು ಎಂಬುದು ನನ್ನ ಕಸುಬಿನವರಿಗೆ ತಿಳಿಯುತ್ತದೆ. ಆದರೆ ಈಗ ದಿನವೂ ನನ್ನನ್ನು ಕಾಡುವ ಪ್ರಶ್ನೆಯನ್ನು ನಿಮಗೆ ತಿಳಿಸದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಅಂದು ತಲೆ ತಗ್ಗಿಸದೆ ‘ಆಗಲಿ, ಎತ್ತಲಿ’ ಎಂದಿದ್ದರೆ? ಕಾಲು ತಾಸಿನ ಕೆಲಸ. ಸೀರೆ ಸರಿದರೆ ಸರಿಯುತ್ತಿತ್ತು. ಅವ್ವ ಹಗುರಾಗಿ ಹೋಗುತ್ತಿದ್ದಳು. ನಿನ್ನ ಮಾನ, ತಾಯಿಯ ಹರಕೆ ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಒಬ್ಬ ಮಗಳಿಗೆ ಹೇಳುವ ಅಧಿಕಾರವನ್ನು ನಿಮಗೆ ಯಾವ ಕಾಯಿದೆ ಕೊಟ್ಟಿದೆ, ಸ್ವಾಮಿ? ತಪ್ಪಾಗಿ ಆರಿಸಿದೆನೇ ಎಂದು ಕೇಳಲು ನನಗೆ ಈಗ ಅವ್ವನೂ ಇಲ್ಲ.

ಆಕೆ ತೀರಿಕೊಂಡ ಹನ್ನೊಂದನೆಯ ದಿನ ಮೊಬೈಲಿಗೆ ನಿಮ್ಮ ಸಂದೇಶ ಬಂತು: ‘ತಮ್ಮ ಅರ್ಜಿಯನ್ನು ಪರಿಶೀಲಿಸಿ ತೃಪ್ತಿಕರವಾಗಿ ವಿಲೇವಾರಿ ಮಾಡಲಾಗಿದೆ.’ ಯಾರ ತೃಪ್ತಿ ಎಂದು ಬರೆದಿರಲಿಲ್ಲ. ಜಾಲತಾಣದಲ್ಲಿ ಫೋಟೋ ಹಾಗೆಯೇ ಇದೆ, ‘ಪ್ರತಿದಿನ’ ಎಂಬ ಪದವೂ ಇದೆ.

ಪರಿಹಾರ ಬೇಡ, ವಿಷಾದವೂ ಬೇಡ. ಆ ಕುರ್ಚಿಗಳನ್ನು ತೆಗೆಸಿ, ಬೀಗದ ಚಾವಿಯನ್ನು ಬಾಗಿಲಲ್ಲೇ ಇರುವ ಕಾವಲುಗಾರನ ಕೈಗೆ ಕೊಡಿಸಿ. ಅದು ಆಗದಿದ್ದರೆ ಆ ಫೋಟೋ ತೆಗೆದುಹಾಕಿ. ಎರಡರಲ್ಲಿ ಒಂದನ್ನು ಮಾಡಿ, ಯಾವುದನ್ನು ಮಾಡಿದಿರೆಂದು ಬರೆದು ತಿಳಿಸಿ.

ಇದು ಯಾಕೆ ತುರ್ತೆಂದರೆ, ಮೊನ್ನೆ ಕಿತ್ತೂರಿನಿಂದ ರಾಮವ್ವ ಎಂಬ ಹೆಣ್ಣುಮಗಳು ಅಂಗವಿಕಲರ ಪಿಂಚಣಿ ಅರ್ಜಿ ಬರೆಸಲು ಬಂದಿದ್ದಳು. ಹೆದ್ದಾರಿಯ ಅಪಘಾತದಲ್ಲಿ ಆಕೆಯ ಗಂಡನ ಎರಡೂ ಕಾಲು ಹೋಗಿವೆ. ಬರೆಸಿ ಮುಗಿದ ಮೇಲೂ ಏಳದೆ ಕುಳಿತು, ಕೊನೆಗೆ ಮೊಬೈಲ್ ತೆಗೆದು ನಿಮ್ಮ ಇಳಿಜಾರಿನ ಫೋಟೋ ತೋರಿಸಿದಳು. “ಅಕ್ಕಾರ, ಇಲ್ಲಿ ಗಾಲಿ ಕುರ್ಚಿ ಹೊಕ್ಕೈತಂತ ಖರೇ ಏನ್ರಿ? ಒಮ್ಮೆ ಕರಕೊಂಡು ಹೋಗಬೇಕಂತ ಮಾಡೇನಿ” ಎಂದಳು. ವಿಚಾರಿಸಿ ಹೇಳುತ್ತೇನೆ ಎಂದೆ. ಮುಂದಿನ ಮಂಗಳವಾರ ಆಕೆ ಮತ್ತೆ ಬರುತ್ತಾಳೆ. ಹೌದು ಎನ್ನಲೋ, ಇಲ್ಲ ಎನ್ನಲೋ?

ಇಂತಿ,
ತನ್ನ ಅರ್ಜಿಯೊಂದನ್ನು ಬಿಟ್ಟು ಊರವರ ಅರ್ಜಿಗಳನ್ನೆಲ್ಲ ಸರಿಯಾಗಿ ಬರೆದ
ಶೈಲಜಾ, ಗುರುಬಸವ್ವನ ಮಗಳು
ಬೈಲಹೊಂಗಲ