ಅಳಿಸಿದ ಗುರುತು

ಮಾರ್ಚ್ 9, ಭಾನುವಾರ, ಸಂಜೆ 6
ಶೂ ತೊಳೆದೆ. ರ‍್ಯಾಕೆಟ್‌ಗೆ ಹೊಸ ಗ್ರಿಪ್ ಸುತ್ತಿದೆ. ಟೆನಿಸ್ ಸೆಮಿಫೈನಲ್ ಗೆದ್ದಾಯಿತು. ಮುಂದಿನ ಭಾನುವಾರ ಫೈನಲ್. ಗೆದ್ದರೆ ದೊಡ್ಡ ಟೂರ್ನಿಗೆ ಹೋಗುವ ತಂಡದಲ್ಲಿ ಜಾಗ. ಮೂವತ್ತೊಂದನೇ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಬರುವುದಿಲ್ಲ. ಅಕ್ಕ ಊರಿಗೆಲ್ಲ ಫೋನ್ ಮಾಡುತ್ತಿದ್ದಾಳೆ. ನನಗೆ ಊಟ ಬೇಡ.

ಮಾರ್ಚ್ 10
ಸರಿ, ಬರೆದೇಬಿಡುತ್ತೇನೆ. ನಮ್ಮ ಮ್ಯಾಚ್‌ಗಳಿಗೆ ಅಂಪೈರ್ ಇಲ್ಲ. ನಮ್ಮ ಕಡೆ ಬಿದ್ದ ಬಾಲ್ ಒಳಗೋ ಹೊರಗೋ, ನಾವೇ ಹೇಳಬೇಕು. ಸೆಮಿಫೈನಲ್‌ನ ಕೊನೆಯ ಪಾಯಿಂಟ್. ಎದುರಾಳಿ ಎಡಚಿ (ಅವಳದು ಎಡಗೈ ಆಟ, ಬೆನ್ನ ಹಿಂದೆ ಎಲ್ಲರೂ ಹಾಗೇ ಕರೆಯುವುದು) ಹೊಡೆದದ್ದು ಗೆರೆಯ ಮೇಲೆ ಬಿತ್ತು, ಅಂದರೆ ಒಳಗೆ. ಮಣ್ಣಿನ ಕೋರ್ಟ್. ಗುರುತು ಕಣ್ಣಿಗೆ ರಾಚುವಂತಿತ್ತು. “ಔಟ್” ಅಂದೆ.
“ಸರಿಯಾಗಿ ನೋಡಿದ್ರಾ?”
“ನೋಡ್ದೆ.”
ಬಾಯಿ ತಪ್ಪಿ ಬಂತು ಅನ್ನೋಣ. ಆದರೆ ಗುರುತನ್ನು ಕಾಲಿನಿಂದ ಒರೆಸಿದ್ದು?

ಮಾರ್ಚ್ 13
ಪ್ರಾಕ್ಟೀಸ್‌ನಲ್ಲಿ ಒಂದು ಬಾಲನ್ನೂ ಔಟ್ ಅನ್ನಲಾಗುತ್ತಿಲ್ಲ. ಗೇಣುದ್ದ ಹೊರಗೆ ಬಿದ್ದದ್ದನ್ನೂ ಆಡುತ್ತೇನೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು! “ಕೊನೇ ಸಾಲು ಕಾಣ್ಸುತ್ತಾ?” ಎಂದು ಕೇಳಲು ನಾಚಿಕೆ.
ಅಕ್ಕ: “ಏನಾಗಿದೆಯೇ ನಿಂಗೆ? ದೆವ್ವ ಬಡಿದವಳ ಹಾಗೆ ಆಡ್ತಿದ್ದೀಯ.”
ನೆಗಡಿ ಅಂದೆ. ಸುಳ್ಳಿನ ಮೇಲೆ ಸುಳ್ಳು.

ಮಾರ್ಚ್ 16, ಮಧ್ಯಾಹ್ನ
ಸೋತೆ. 1-6, 0-6. ಹೊರಗೆ ಬಿದ್ದ ಏಳೆಂಟು ಬಾಲ್‌ಗಳನ್ನು ಔಟ್ ಅನ್ನದೆ ಬಿಟ್ಟುಕೊಟ್ಟೆ. ಕಾರಿನಲ್ಲಿ ಅಕ್ಕ ಊರಿನಿಂದ ಬಂದ ಫೋನ್‌ಗಳನ್ನು ಕಟ್ ಮಾಡುತ್ತಲೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು. ಮನೆ ಮುಂದೆ ಎಲ್ಲ ಹೇಳಿಬಿಟ್ಟೆ. ಅಕ್ಕ ಎಂಜಿನ್ ಆಫ್ ಮಾಡಿ ನನ್ನ ಕಡೆ ತಿರುಗಿದಳು.
“ನಂಗ್ಯಾಕೆ ಹೇಳ್ತೀಯ? ಹೇಳ್ಬೇಕಾದವ್ರಿಗೆ ಹೇಳು.”

ಮಾರ್ಚ್ 23
ಏಳು ದಿನ ಬೇಕಾಯಿತು. ಎಡಚಿ ಒಬ್ಬಳೇ ಕೋರ್ಟ್ ಪಕ್ಕದ ಗೋಡೆಗೆ ಬಾಲ್ ಹೊಡೆಯುತ್ತಿದ್ದಳು. ಹೇಳಿದೆ. ಹೊಡೆಯುವುದು ನಿಲ್ಲಲಿಲ್ಲ.
“ಗೊತ್ತು. ಕಾಲಲ್ಲಿ ಒರೆಸಿದ್ದು ನೋಡ್ದೆ. ಒಂದು ವಾರ ನಿದ್ದೆ ಬರ್ಲಿಲ್ಲ ನಂಗೆ.”
ನನಗೂ ಬರಲಿಲ್ಲ ಅನ್ನಬೇಕೆಂದಿದ್ದೆ. ಯಾವ ಮುಖದಲ್ಲಿ? ತಪ್ಪಾಯ್ತು ಅಂದೆ, ಅಷ್ಟೆ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ.
“ಬನ್ನಿ. ಆ ಪಾಯಿಂಟ್ ಮತ್ತೆ ಆಡೋಣ.”
ಆಡಿದೆವು. ಅವಳ ಹೊಡೆತ ಅದೇ ಮೂಲೆಗೆ ಬಂತು. ಈ ಸಲ ನಿಜಕ್ಕೂ ಹೊರಗೆ, ನಾಲ್ಕು ಬೆರಳು. ಹೇಳಲು ಬಾಯಿ ಬರಲಿಲ್ಲ. ಅವಳು ನೆಟ್ ತನಕ ನಡೆದು ಬಂದು ನೋಡಿದಳು.
“ಕಾಣ್ತಿದೆ ತಾನೆ? ಹೇಳಿ ಮತ್ತೆ.”
“ಔಟ್” ಅಂದೆ. ಅವಳು ತಲೆಯಾಡಿಸಿ ಜೇಬಿನಿಂದ ಇನ್ನೊಂದು ಬಾಲ್ ತೆಗೆದಳು. ನಾನು ಆ ಗುರುತನ್ನು ತುಳಿಯದೆ ದಾಟಿ ನನ್ನ ಜಾಗಕ್ಕೆ ಹೋಗಿ ನಿಂತೆ.