ಡೋಲು: ಶೋಷಿತ ಜನತೆ

ವೇಲಚೇರಿ, ಚೆನ್ನೈ
ಆಗಸ್ಟ್ 2001

ನನ್ನ ಕೈಯಿಂದಲೇ ಹೆಸರು ಕಳೆದುಕೊಂಡ ತಮ್ಮ ಐತನಿಗೆ,

ಹನ್ನೆರಡು ದಿನವಾಯಿತು, ನೀನು ಫೋನಿಗೆ ಬರುತ್ತಿಲ್ಲ. ಭಾನುವಾರ ಅಡ್ಯಾರಿನಲ್ಲಿ ನಮ್ಮ ತಂಡದ ಮೊದಲ ಆಲ್ಬಂ 'ನೇರಳೆ ಕಡಲು' ಬಿಡುಗಡೆ. ಕ್ಯಾಸೆಟ್ಟುಗಳು ನನ್ನ ಮಂಚದ ಕೆಳಗೆ ಬಿದ್ದಿವೆ.

ಕೌಶಿಕನ ಮನೆಯ ಕಾರ್ ಶೆಡ್ಡು ನೆನಪಿದೆಯಾ? ಸೈಕೆಡೆಲಿಕ್ ಪಾಪ್ ಎಂದು ಅವನು ಗಿಟಾರನ್ನು ನೀರಲ್ಲಿ ಮುಳುಗಿದಂತೆ ನುಡಿಸಿ, ಟೇಪು ಹಿಂದುಮುಂದಾಗಿ ಓಡಿಸಿ, ನನ್ನ ಹಾಡನ್ನು ಬಣ್ಣದ ಹೊಗೆ ಮಾಡಿಟ್ಟಿದ್ದ. ಅದರ ನಡುವೆ ನಿನ್ನ ಡೋಲಿನ ಪೆಟ್ಟು ಬಿತ್ತು ನೋಡು, ಹೊಗೆಗೆ ಮೈ ಬಂತು. “ಡೇಯ್ ಐತಾ, ಪಕ್ಕದ್ಮನೆ ಮಾಮಿ ಮೈಮೇಲೆ ಸಾಮಿ ಬಂದ್ಬಿಡತ್ತೆ, ಮೆಲ್ಲ ಹೊಡಿಡಾ!” ಎಂದು ಕೌಶಿಕ ಕೂಗಿದರೆ, “ಬರ್ಲಿ ಮಾರಾಯ, ಮಾಮಿಯನ್ನೂ ಕೋರಸ್ಸಿಗೆ ಸೇರಿಸುವ” ಎಂದೆ ನೀನು.

ಊರಲ್ಲಿ ಧಣಿಗಳ ಕಂಬಳಕ್ಕೆ ನಿನ್ನಜ್ಜ ಡೋಲು ಬಡಿಯಲೇಬೇಕಿತ್ತು. ಬಡಿಯದಿದ್ದರೆ ಏಟು, ಬಡಿದರೆ ಎಂಜಲು. ಅದನ್ನು ಬಿಟ್ಟು ಚೆನ್ನೈಗೆ ಓಡಿಬಂದ ನಿನ್ನಮ್ಮ ಸರಸ ಅಡ್ಯಾರಿನ ಉಡುಪಿ ಹೋಟೆಲಿನಲ್ಲಿ ಪಾತ್ರೆ ತಿಕ್ಕಿದಳು. ಅದೇ ಡೋಲನ್ನು ನೀನು ನಿನ್ನಿಷ್ಟಕ್ಕೆ ಎತ್ತಿಕೊಂಡೆ. ಇದೇ ಬಂಡಾಯ ಎಂದು ಹುರಿದುಂಬಿಸಿದವಳು ನಾನು.

ಕ್ಯಾಸೆಟ್ಟಿನ ಹೊದಿಕೆಗೆ ಬರೆದವಳೂ ನಾನೇ. ಗಿಟಾರು: ಕೌಶಿಕ್. ಕೀಬೋರ್ಡು: ಸುಮೇಧಾ. ಹಾಡು: ನೀರಜಾ. ಡೋಲು: ಶೋಷಿತ ಜನತೆ.

ಇಪ್ಪತ್ತು ವರ್ಷ ಕರಪತ್ರ ಬರೆದ ಕೈ, ಬರೆದು ಬೀಗಿತು. ನೀನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದೆ: “ಅಕ್ಕ, ಎಲ್ರಿಗೂ ಹೆಸ್ರುಂಟು. ನಾನೊಬ್ಬ ಮಾತ್ರ ಜನತೆಯಾ?”

ಆಗಲೂ ನಾನು ಬಾಯಿ ಮುಚ್ಚಲಿಲ್ಲ. ಸಮುದಾಯ, ಇತಿಹಾಸ ಎಂದು ಭಾಷಣ ಬಿಗಿದೆ. ಥೂ, ನನ್ನ ನಾಲಿಗೆಗೆ!

ನಿನ್ನೆ ಹೋಟೆಲಿನ ಹಿಂಬಾಗಿಲಿಗೆ ಹೋಗಿದ್ದೆ. ಸರಸ ತಿಕ್ಕುತ್ತಿದ್ದ ಪಾತ್ರೆಯಿಂದ ತಲೆ ಎತ್ತಲಿಲ್ಲ. “ಹೊಡಿ ಅಂದದ್ದು ನೀವು. ಹೆಸ್ರಿಲ್ಲದ ಹಾಗೆ ಮಾಡಿದ್ದೂ ನೀವು. ಧಣಿಗಳು ನನ್ನಪ್ಪನಿಗೆ ಮಾಡಿದ್ದೂ ಅದೇ ಅಲ್ವಾ ಅಕ್ಕ?” ಎಂದಳು. ಧಣಿಗಳ ವಿರುದ್ಧ ಬೀದಿಬೀದಿಯಲ್ಲಿ ಕೂಗಿದವಳು ಬಂದ ದಾರಿಯಲ್ಲೇ ಹಿಂದಿರುಗಿದೆ.

ನಿನ್ನ ಹೆಸರಿನ ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು ಎನ್ನುತ್ತಾನೆ ಕೌಶಿಕ. ನಾನು ಒಪ್ಪಲಿಲ್ಲ. ಇವತ್ತು ಇಡೀ ದಿನ ಕೂತು ಎಲ್ಲ ಹೊದಿಕೆಗಳನ್ನೂ ಕಿತ್ತು ಹರಿದೆ. ಹೊಸದರಲ್ಲಿ ಡೋಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ನಿನ್ನನ್ನು ಕೇಳದೆ ಅಲ್ಲಿ ಇನ್ನೊಂದಕ್ಷರ ಬರೆಯಲಾರೆ. ಹಾಡಿನಿಂದ ಡೋಲನ್ನೇ ಅಳಿಸು ಎಂದರೂ ಅಳಿಸುತ್ತೇನೆ, ಉಳಿಯುವುದು ಬರೀ ಹೊಗೆಯಾದರೂ ಸರಿ.

ಬಾ ಎಂದು ನಿನ್ನ ಕಾಲು ಹಿಡಿಯಬೇಕೆನಿಸುತ್ತದೆ ಐತ. ಆದರೆ 'ಬಾ, ಹೊಡಿ' ಎನ್ನುವುದೂ ಧಣಿಯ ಮಾತೇ. ಶನಿವಾರ ಸಂಜೆಯವರೆಗೆ ಶೆಡ್ಡಿನ ಬಾಗಿಲು ತೆಗೆದಿರುತ್ತದೆ. ಪೆನ್ನು ಅಲ್ಲೇ ಇಟ್ಟಿರುತ್ತೇನೆ.

ಡೋಲು ನಿನ್ನದು, ಕೈ ನಿನ್ನದು. ಬಡಿಯುವುದೂ ಬಿಡುವುದೂ ನಿನ್ನದೇ ಆಗಲಿ.

ತಪ್ಪಿತಸ್ಥೆ,
ನೀರಜಾ